ಫಾಂಟಿಲ್ಲದ ನಾಟಕ

ಭದ್ರಾವತಿಯ ಕಾಗದನಗರದ ಕಾಂತರಾಜ್ ಕಾಗದದ ಕಾರ್ಖಾನೆಯಲ್ಲೇ ದುಡಿಯುತ್ತಿದ್ದರೂ ತನ್ನ ನಾಟಕದ ಒಂದು ಸಾಲನ್ನೂ ಕಾಗದದ ಮೇಲೆ ಬರೆದಿರಲಿಲ್ಲ. ಭಾವಮೈದುನ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡೇ ಬೆರಳಿನಿಂದ ಕುಟ್ಟಿ ಕುಟ್ಟಿ ಆರು ತಿಂಗಳಲ್ಲಿ ಮುಗಿಸಿದ್ದ. ಭಾನುವಾರ ಕಾಲೋನಿಯ ಸಂಘದವರ ಮುಂದೆ ಓದಬೇಕು. ಅವರು ಒಪ್ಪಿದರೆ ರಾಜ್ಯೋತ್ಸವಕ್ಕೆ ಆಟ. ಹೀಗಿರುವಾಗ ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪು ಕಪ್ಪು ಪರದೆಯಲ್ಲಿ ಒಂದು ಬಿಳಿ ಗೆರೆ ಮಿಣುಕಿಸಿ ಸುಮ್ಮನೆ ಕೂತುಬಿಟ್ಟಿತು.

ಕಾಂತರಾಜ್ ಅದನ್ನು ಚೀಲಕ್ಕೆ ತುರುಕಿದ. ರಜೆ ಹಾಕಿ ಶಿವಮೊಗ್ಗದ ಬಸ್ಸು ಹತ್ತಿದ. ಬ್ಲೌಸ್ ಪೀಸಿನ ನೆಪ ಹೇಳಿ ಹೆಂಡತಿ ದುರ್ಗಮ್ಮನೂ ಹತ್ತಿದಳು. ಅವಳಿಗೆ ಬೇಡ ಎನ್ನುವ ಗಂಡಸು ಭದ್ರಾವತಿಯಲ್ಲಿ ಇನ್ನೂ ಹುಟ್ಟಿಲ್ಲ. ಕಾಂತರಾಜನ ಸಂಕಟವೂ ಅದೇ. ರಾಜರ ಕಥೆ, ಕತ್ತಿ ಗುರಾಣಿ ಎಂದೆಲ್ಲ ಅವಳ ಹತ್ತಿರ ಬುರುಡೆ ಬಿಟ್ಟಿದ್ದ. ಬರೆದದ್ದು ಅವಳನ್ನೇ! ನಾಯಕಿಯ ಒಂದೊಂದು ಮಾತೂ ಅವನ ಅಡುಗೆಮನೆಯಿಂದ ಕದ್ದದ್ದು. ಅವಳಿಗೆ ಗೊತ್ತಾದರೆ ನಾಟಕ ಅಲ್ಲಿಗೇ ಮುಗಿಯಿತು.

ವಿನೋಬನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಮೈತ್ರಿ, ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು.

"ಡಿಸ್ಕ್ ಚೆನ್ನಾಗೇ ಇದೆ ಸಾರ್, ವಿಂಡೋಸ್ ಕೆಟ್ಟಿದೆ. ಮೊದ್ಲು ನಿಮ್ಮ ಫೈಲ್ ತೆಗೆದಿಟ್ಕೊಳ್ತೀನಿ. ಆಮೇಲೆ ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ."

"ಎಲ್ಲಾ ಅಳಿಸಿ" ಎಂಬುದಷ್ಟೇ ಕಿವಿಗೆ ಬಿದ್ದು ಕಾಂತರಾಜ್ ಕುರ್ಚಿಯಿಂದ ಅರ್ಧ ಎದ್ದ. ದುರ್ಗಮ್ಮ ಅಂಗಿ ಹಿಡಿದು ಕೂರಿಸಿದಳು.

ಮಧ್ಯಾಹ್ನ ಮೂರಕ್ಕೆ ಲ್ಯಾಪ್‌ಟಾಪು ಕಣ್ಣು ಬಿಟ್ಟಿತು. ಮೈತ್ರಿ ಫೈಲ್ ವಾಪಸ್ ಹಾಕಿ ತೆರೆದರೆ, ಕನ್ನಡವೇ ಇಲ್ಲ! ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಟೋಪಿ, ಚುಕ್ಕೆ, ಕೊಂಬು.

"ಹೋಯ್ತು! ವೈರಸ್ ತಿಂದ್ಹಾಕ್ತು!" ಕಾಂತರಾಜನ ಕಣ್ಣಲ್ಲಿ ನೀರೇ ಬಂತು.

"ಏನ್ರೀ ಇದು? ಯಾವ ದೇಶದ ರಾಜನ ಕಥೆ ಬರೆದಿದೀರಿ?" ದುರ್ಗಮ್ಮ ಬಗ್ಗಿ ನೋಡಿದಳು.

ಮೈತ್ರಿ ನಕ್ಕಳು. "ಏನೂ ಹೋಗಿಲ್ಲ ಸಾರ್. ಕನ್ನಡದ ನುಡಿ ಫಾಂಟ್ ಇನ್ನೂ ಹಾಕಿಲ್ಲ, ಅದಿಲ್ದೆ ಅಕ್ಷರ ಹೀಗೆ ಕಾಣುತ್ತೆ, ಅಷ್ಟೇ. ಐದು ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದೀನಿ, ನಂಗೆ ಇದು ಹೀಗೇ ಓದಕ್ಕೆ ಬರುತ್ತೆ. ಕೇಳಿ."

ಹೋದ ಜೀವ ಬಂತು ಎಂದು ಕಾಂತರಾಜ್ ಅಂದುಕೊಳ್ಳುವಷ್ಟರಲ್ಲಿ ಅವಳು ಗಟ್ಟಿಯಾಗಿ ಓದಿಯೇಬಿಟ್ಟಳು: "ಬೆಲ್ಲ ತನ್ನಿ ಅಂದ್ರೆ ಬೆಲ್ಟ್ ತಂದ್ರಲ್ಲ ಮಾರಾಯ್ರೆ, ಪಾಯಸಕ್ಕೆ ಇದನ್ನೇ ಹೆಚ್ಚಿ ಹಾಕ್ಲಾ?"

ದುರ್ಗಮ್ಮನ ಮುಖ ಗಂಭೀರವಾಯಿತು. "ಮುಂದೆ ಓದಮ್ಮ" ಎಂದಳು.

ಮೈತ್ರಿ ಏನೂ ಅರಿಯದೆ ಎರಡು ಪುಟ ಓದಿದಳು. ಕಾಂತರಾಜ್ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತ ಕೂತಿದ್ದ. ಭಾನುವಾರದ ಆಸೆಯನ್ನು ಅವನು ಅಲ್ಲೇ ಬಿಟ್ಟುಕೊಟ್ಟಿದ್ದ.

"ಪೂರ್ತಿ ಬರೆದಿಲ್ಲ ನೀವು" ಎಂದಳು ದುರ್ಗಮ್ಮ. "ಆಮೇಲೆ ನಾನು ಕಬ್ಬಿನ ಹಾಲಲ್ಲಿ ಪಾಯಸ ಮಾಡಿದ್ದು, ನೀವು ಮೂರು ಲೋಟ ಕುಡಿದಿದ್ದು ಎಲ್ಲಿ?"

ಕಾಂತರಾಜ್ ಮೆಲ್ಲನೆ ತಲೆ ಎತ್ತಿದ. ಅವಳು ನಗು ತಡೆದುಕೊಳ್ಳಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ನನ್ನ ಪಾರ್ಟು ಯಾರು ಮಾಡ್ತಾರೆ?"

"ನಮ್ಮ ಸೆಕ್ಷನ್ ಸಿದ್ದು... ಮೀಸೆ ಬೋಳಿಸ್ಕೊಂಡು."

"ಅವನ ಮೀಸೆ ಅಲ್ಲೇ ಇರ್ಲಿ. ನನ್ನ ಮಾತು ನಾನೇ ಆಡ್ತೀನಿ."

ಕಾಂತರಾಜನ ಮುಖ ಅರಳಿತು. ಮೈತ್ರಿ ಫಾಂಟ್ ಹಾಕುವವರೆಗೆ ಕಾಯುವಷ್ಟೂ ದುರ್ಗಮ್ಮನಿಗೆ ತಾಳ್ಮೆ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಗಂಡನ ಕೈಗೆ ಪೆನ್ನು ಕಾಗದ ಕೊಟ್ಟು, ಪಾಯಸದ ಸೀನನ್ನು ಮೊದಲಿನಿಂದ ಹೇಳಿ ಬರೆಸತೊಡಗಿದಳು.