ಮೈಮೇಲೆ ಹಾಕಿ ತೋರಿಸುವುದು

ಚೆನ್ನೈನ ಟಿ. ನಗರದ ಆ ಜವಳಿ ಅಂಗಡಿಯ ಮೂರನೇ ಮಹಡಿಯಲ್ಲಿ ಸೀರೆ ಬಿಚ್ಚಿ ತೋರಿಸಿದರೆ ಸಾಲದು, ಮೈಮೇಲೆ ಹಾಕಿ ತೋರಿಸಬೇಕು. ಅಂಗಿ ಪ್ಯಾಂಟಿನ ಮೇಲೆಯೇ ನೆರಿಗೆ ಹಿಡಿದು, ಸೆರಗು ಹೊದ್ದು, ಗಿರಾಕಿಯ ಮುಂದೆ ಒಂದು ಸುತ್ತು ತಿರುಗಬೇಕು. ಗಂಡಸರೇ ಮಾಡುವ ಕೆಲಸ ಅದು. ಹದಿನೇಳರ ಸುಘೋಷ ತೆಳ್ಳಗೆ ಬೆಳ್ಳಗೆ ಇದ್ದುದರಿಂದ ಮೊದಲ ವಾರವೇ ಅದು ಅವನ ಪಾಲಿಗೆ ಬಂತು.

ರಜೆಯಲ್ಲಿ ದುಡಿದರೆ ಮಗನಿಗೆ ಬುದ್ಧಿ ಬರುತ್ತದೆಂದು ವಿಮಾ ಕಚೇರಿಯಲ್ಲಿದ್ದ ಅಪ್ಪ ಹರಿದಾಸರು ಪರಿಚಯ ಹಿಡಿದು ಸೇರಿಸಿದ್ದರು. ಬುದ್ಧಿಗಿಂತ ಮೊದಲು ಚರಣ್ ಬಂದ. ಒಂದೇ ತರಗತಿಯವನು. ಗುಲಾಬಿ ಸೀರೆಯಲ್ಲಿ ತಿರುಗುತ್ತಿದ್ದ ಸುಘೋಷನನ್ನು ಕಂಬದ ಮರೆಯಿಂದ ಫೋನಿನಲ್ಲಿ ಹಿಡಿದು, ಹಾಡು ಸೇರಿಸಿ, ಕ್ಲಾಸಿನ ಗುಂಪಿಗೆ ಹಾಕಿದ. ಸಂಜೆಯೊಳಗೆ ಇಡೀ ಕ್ಲಾಸಿಗೆ ಅವನು ‘ಸುಘೋಷಿಣಿ’.

ಸುಘೋಷ ಊಟ ಬಿಟ್ಟ. ನಿದ್ದೆ ತಾನಾಗಿಯೇ ಬಿಟ್ಟಿತು. “ಅಣ್ಣ, ಒಂದು ಸಲ ತಿರುಗಿ ತೋರಿಸೋ” ಎಂದ ತಂಗಿ ರಂಜನಿಯ ಕೆನ್ನೆಗೆ ಬಾರಿಸಿದ. ಅಲ್ಲಿಯವರೆಗೆ ಅವಳ ಮೇಲೆ ಕೈಯೆತ್ತಿದವನಲ್ಲ.

“ಕೆಲಸ ಬಿಡ್ತೀನಪ್ಪ.”

“ನಾಲ್ಕು ಜನ ನಕ್ಕರು ಅಂತ ಬಿಡೋದಾ? ಸ್ಕೂಲ್ ತೆರೆಯೋವರೆಗೂ ಸುಮ್ನೆ ಹೋಗು.”

ಹೋದ. ಅಪ್ಪ ಹೇಳಿದರೆಂದಲ್ಲ. ಚರಣನ ಅಕ್ಕ ಶ್ರೀಯಾಳ ಮದುವೆ ಗೊತ್ತಾಗಿತ್ತು. ಮುಹೂರ್ತದ ಸೀರೆಗೆ ಅವರು ಈ ಅಂಗಡಿಗೇ ಬರುವವರು. ಒಮ್ಮೆ, ಒಂದೇ ಒಂದು ಸಲ, ಚರಣ್ ನಾಲ್ಕು ಜನರ ಎದುರು ತಲೆ ತಗ್ಗಿಸಬೇಕು. ಹಾಗಾಗದೆ ತಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಾರೆ ಎಂದು ಸುಘೋಷನಿಗೆ ಖಚಿತವಾಗಿತ್ತು.

ಒಂದು ಶನಿವಾರ ಬಂದರು. ಮುಂದೆ ಶ್ರೀಯಾ, ಅವಳ ಅಮ್ಮ ಊರ್ಮಿಳಾ, ಹಿಂದೆ ಚರಣ್.

“ಏನೇ ಸುಘೋಷಿಣಿ, ಸೌಖ್ಯವಾ?” ಎಂದು ಚರಣ್ ಕಿವಿಯಲ್ಲಿ ಉಸುರಿದ.

ಸುಘೋಷ ನಗುತ್ತಲೇ ಕೆನೆಬಣ್ಣದ ರೇಷ್ಮೆ ಬಿಚ್ಚಿದ. “ಆಂಟಿ, ಅಕ್ಕನ ಮೈಬಣ್ಣಾನೂ ಚರಣ್‌ದೂ ಒಂದೇ. ಇವನ ಮೇಲೆ ಹಾಕ್ತೀನಿ, ಅಕ್ಕ ದೂರದಿಂದ ನೋಡ್ಲಿ.”

“ಅಯ್ಯೋ, ಹೌದಲ್ಲ! ಬಾರೋ ಚರಣ್.”

ಸುಘೋಷ ನೆರಿಗೆ ಹಿಡಿಯುತ್ತ ಅವನ ಮುಖವನ್ನೇ ನೋಡಿದ. ಈಗ ಕೆಂಪಾಗುತ್ತದೆ, ಈಗ ಬಾಗುತ್ತದೆ.

ಬಾಗಲಿಲ್ಲ. ಚರಣ್ ಸೊಂಟದ ಮೇಲೆ ಕೈಯಿಟ್ಟು ವಯ್ಯಾರದಿಂದ ನಡೆದ. “ಅಕ್ಕ, ವಿಡಿಯೋ ತೆಗಿ! ನಾನೇ ಸ್ಟೇಟಸ್‌ಗೆ ಹಾಕ್ತೀನಿ.” ಸುತ್ತಲಿನ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಸೂಪರ್‌ವೈಸರ್ ಕೂಡ “ಸೂಪರ್, ತಂಬಿ!” ಎಂದ.

ಅಂಥದೇ ಸೀರೆ, ಅದೇ ಸುತ್ತು. ಸಂಬಳಕ್ಕೆ ಉಟ್ಟವನಿಗೆ ಅದು ಅವಮಾನ, ಮೋಜಿಗೆ ಉಟ್ಟವನಿಗೆ ಚಪ್ಪಾಳೆ.

“ನಿನ್ನಷ್ಟು ಚೆನ್ನಾಗಿ ತಿರುಗಕ್ಕೆ ಬರಲ್ಲ ಮಚ್ಚಾ,” ಎಂದ ಚರಣ್. “ನೀನು ಪ್ರೊಫೆಷನಲ್.”

“ನಿಲ್ಲು. ನೆರಿಗೆ ಸಡಿಲ ಆಗಿದೆ.”

ಸುಘೋಷ ಮಂಡಿಯೂರಿದ. ಗುಂಡುಪಿನ್ನನ್ನು ನೆರಿಗೆಯ ಮೇಲಿಟ್ಟು, ಹೆಬ್ಬೆರಳಿನಿಂದ ತಲೆಯವರೆಗೂ ಒತ್ತಿದ. ಬಟ್ಟೆ ದಾಟಿ ಮೈಗೆ ಇಳಿದದ್ದು ಬೆರಳಿಗೇ ಗೊತ್ತಾಯಿತು.

“ಅಮ್ಮಾ!”

ಚರಣ್ ಸೊಂಟ ಹಿಡಿದು ಕುಸಿದ. ಪಿನ್ನು ಕಿತ್ತಾಗ ಕೆನೆಬಣ್ಣದ ಮೇಲೆ ಕೆಂಪು ಬೊಟ್ಟು ಅಗಲವಾಗತೊಡಗಿತು. “ಮುಹೂರ್ತದ ಸೀರೆಗೆ ರಕ್ತವಾ!” ಎಂದು ಊರ್ಮಿಳಾ ಬಾಯಿ ಮುಚ್ಚಿಕೊಂಡರು. ಚರಣ್ ಅಳುತ್ತಿದ್ದ, ಮೂಗು ಸೋರಿಸಿಕೊಂಡು, ಸೀರೆಯಲ್ಲೇ. ಯಾರೋ ಕಿಸಕ್ಕೆಂದರು. ನಾಲ್ಕಾರು ಫೋನುಗಳು ಮೇಲೆದ್ದವು.

ಸೂಪರ್‌ವೈಸರ್ ಸುಘೋಷನ ಕಾಲರ್ ಹಿಡಿದೆತ್ತಿ, ಬೇಕೆಂದೇ ಮಾಡಿದೆಯಾ ಎಂದು ತಮಿಳಿನಲ್ಲಿ ಕೇಳಿದ. ಕೈ ಜಾರಿತು ಎಂದಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಅಪ್ಪನ ಮಾನವೂ ಉಳಿಯುತ್ತಿತ್ತು.

“ಹೌದು ಸಾರ್,” ಎಂದ ಸುಘೋಷ, ಎಲ್ಲರಿಗೂ ಕೇಳುವಂತೆ. “ಬೇಕೂಂತಲೇ. ಇನ್ನೊಂದು ಪಿನ್ ಕೊಡಿ.”

ಚರಣ್ ಬೆಚ್ಚಿ ಎದ್ದು ಹಿಂದೆ ಸರಿದ. ನೆರಿಗೆ ಕಾಲಿಗೆ ತೊಡರಿತು. ಬೀಳಲಿ ಎಂದು ಸುಘೋಷ ನೋಡುತ್ತ ನಿಂತ.