ತುಂಬಿದ ಬಾಟಲಿ

ಹೊಸನಗರದ ಪಾರ್ಸೆಲ್ ಗೋದಾಮಿನ ಎದುರು ಡ್ರೈವರುಗಳ ಸಂಘದ ಸಭೆ ಸೇರಿತ್ತು. ಕಂಪನಿಯೊಂದಿಗಿನ ಹೊಸ ಒಪ್ಪಂದದಲ್ಲಿ ಏನೇನು ಕೇಳಬೇಕೆಂದು ಅಧ್ಯಕ್ಷ ಬೆಳ್ಳಪ್ಪ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಡೀಸೆಲ್ ಭತ್ಯೆ, ವಿಮೆ, ಭಾನುವಾರದ ರಜೆ ಎಲ್ಲವೂ ಬಂದವು. ಅಲ್ಲಿ ವ್ಯಾನ್ ಓಡಿಸುವ ಒಬ್ಬಳೇ ಹೆಂಗಸು ಶ್ಯಾಮಲಾ ಮಾತ್ರ ಹಿಂದೆ ತಲೆ ತಗ್ಗಿಸಿ ಕೂತಿದ್ದಳು.

"ಶ್ಯಾಮಲಕ್ಕಂಗೆ ಎಂತದೂ ಬೇಡ ಮಾರಾಯ್ರೆ," ಎಂದು ದುರ್ಗೇಶ್ ನಕ್ಕ. "ಬೆಳಿಗ್ಗೆ ತುಂಬಿಸಿದ ನೀರಿನ ಬಾಟ್ಲಿ ಸಂಜೆ ಹಂಗೇ ವಾಪಸ್ ತರ್ತಾರೆ. ಒಂಟೆ ಇದ್ದಂಗೆ!"

ಎಲ್ಲರೂ ನಕ್ಕರು. ಕಳೆದ ತಿಂಗಳು ಮೂತ್ರದ ಸೋಂಕಿನಿಂದ ಆಸ್ಪತ್ರೆ ಸೇರಿದಾಗಲೂ ಶ್ಯಾಮಲಾ ಇವರಿಗೆ ಜ್ವರವೆಂದೇ ಹೇಳಿದ್ದಳು. ಇವತ್ತೂ ಬಾಯಿ ಬಿಡದಿದ್ದರೆ ಮುಂದಿನ ಒಪ್ಪಂದದವರೆಗೂ ಹೀಗೇ. ಅವಳು ಎದ್ದು ನಿಂತಳು.

"ಕುಡಿದ್ರೆ ಎಲ್ಲಿಗೆ ಹೋಗ್ಲಿ ದುರ್ಗೇಶ? ನೀವೆಲ್ಲ ಹುಲಿಕಲ್ ದಾರೀಲಿ ಎಲ್ಲಿ ಬೇಕಾದ್ರೂ ಗಾಡಿ ನಿಲ್ಲಿಸ್ತೀರಿ. ಇಲ್ಲಿನ ಶೌಚಾಲಯಕ್ಕೆ ಬೀಗ, ಬೀಗದಕೈ ಮ್ಯಾನೇಜರ್ ಹತ್ರ. ಆ ಬಾಗ್ಲು ತೆಗೆದಿರ್ಬೇಕು, ದಾರೀಲೂ ನಂಗೆ ಒಂದು ಜಾಗ ಬೇಕು."

ದುರ್ಗೇಶ್ ನೆಲ ನೋಡಿದ.

"ಇದನ್ನೇ ಮೊದ್ಲು ಕೇಳಾಣ," ಎಂದರು ಬೆಳ್ಳಪ್ಪ, ಮೆಲ್ಲಗೆ.

ಶ್ಯಾಮಲಾಳ ಗಂಟಲು ಒಣಗಿತ್ತು. ಬಾಟಲಿಯ ಮುಚ್ಚಳ ತೆಗೆದಳು. ಆದರೆ ಹುಲಿಕಲ್ಲಿಗೆ ಹೋಗಬೇಕಾದ ಲೋಡು ಇನ್ನೂ ವ್ಯಾನಿನಲ್ಲೇ ಇತ್ತು. ತುಟಿಯನ್ನಷ್ಟೇ ಒದ್ದೆ ಮಾಡಿಕೊಂಡು ಮುಚ್ಚಳ ಹಾಕಿದಳು.