ಬಾಯಲ್ಲಿ ಹೇರ್‌ಪಿನ್

ತಂಗಿ ಫೋನಿನಲ್ಲಿ ಕುಣಿಯುತ್ತಿದ್ದಳು. "ಅಕ್ಕಾ, ಏಳು ಬಂತು! ಇವರಿಗೆ ಏಳು ಬಂತು! ಪೆಟ್ಟಿಗೆ ಕಟ್ಟಲಾ?"

ನಾನಿರುವ ದೇಶಕ್ಕೆ ವಲಸೆ ಬರಲು ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಏಳು ಅಂಕ ಬೇಕೆಂದು ಹೇಳಿದವಳು ನಾನೇ. ಇಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನಗೆ ಕೆಲಸ. ಅಮ್ಮ ಹೋದ ಮೇಲೆ ನಾನೇ ಎತ್ತಿ ಆಡಿಸಿ ಬೆಳೆಸಿದ ತಂಗಿ ಅವಳು. ಅವಳು ಹತ್ತಿರವಿಲ್ಲದೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಅವಳ ಗಂಡ ವೆಲ್ಡರ್. ಅಂಥ ಕೆಲಸಗಾರರು ಇಲ್ಲಿಗೆ ಬೇಕು. ಅಡ್ಡ ನಿಂತಿದ್ದದ್ದು ಆ ಪರೀಕ್ಷೆಯೊಂದೇ.

"ಕುಣಿದಿದ್ದು ಸಾಕು, ಅಂಕದ ಹಾಳೆ ತೋರ್ಸು," ಎಂದೆ.

ಓದುವುದಕ್ಕೆ ಎಂಟು, ಕೇಳುವುದಕ್ಕೆ ಏಳೂವರೆ, ಬರೆಯುವುದಕ್ಕೆ ಏಳು, ಮಾತಿಗೆ ಐದೂವರೆ. ನಾಲ್ಕರ ಸರಾಸರಿ ದಪ್ಪಕ್ಷರದಲ್ಲಿ ಏಳು. ಅದನ್ನು ನೋಡಿಯೇ ಇವಳು ಬೀದಿಗೆಲ್ಲ ಸಿಹಿ ಹಂಚಿದ್ದಳು.

"ಲೇ, ಸರಾಸರಿ ಅಲ್ಲ ಕಣೆ. ಒಂದೊಂದ್ರಲ್ಲೂ ಏಳು ಇರ್ಬೇಕು. ಓದಿದ್ರಲ್ಲಿ ಮಿಕ್ಕಿದ್ದನ್ನ ತಂದು ಮಾತಿಗೆ ತುಂಬೋಕಾಗಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಆಗ ನೀನು ಮಾತಾಡ್ತಿದ್ದೆ."

ಪಕ್ಕದಲ್ಲಿ ಅವಳ ಗಂಡ ತಲೆ ತಗ್ಗಿಸಿ ಕೂತಿದ್ದ. ಅವನು ಮಾತಿನಲ್ಲಿ ಮಹಾ ಜಿಪುಣ. ಇವಳು ಸಲೂನ್ ನಡೆಸುವವಳು, ಕತ್ತರಿಗಿಂತ ಬಾಯಿ ಚುರುಕು. ಮನೆಯಲ್ಲಿ ಹೇಗೆ ಅಭ್ಯಾಸ ಮಾಡಿಸುತ್ತೀಯ, ತೋರಿಸು ಎಂದೆ. ನಿಮ್ಮ ಮನೆಯ ಬಗ್ಗೆ ಹೇಳಿ, ಎಂದು ತಂಗಿ ಇಂಗ್ಲಿಷಿನಲ್ಲಿ ಕೇಳಿದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆ, ಮೆಟ್ಟಿಲು, ಸೋರುವ ನಲ್ಲಿ ಎಲ್ಲವನ್ನೂ ಇವಳೇ ವರ್ಣಿಸಿ ಮುಗಿಸಿದಳು. ಅವನು ಬಾಯಿ ಮುಚ್ಚಿದ.

ನನಗೆ ಮೈಯೆಲ್ಲ ಉರಿಯಿತು. "ಪರೀಕ್ಷೆ ನಿಂದಾ, ಅವರದಾ? ನಾಳೆಯಿಂದ ಅವರನ್ನ ನಿನ್ನ ಅಂಗಡಿ ಕುರ್ಚೀಲಿ ಕೂರ್ಸು. ತುಟೀಲಿ ಹೇರ್‌ಪಿನ್ ಕಚ್ಕೊಂಡು ಕೂದಲು ಕತ್ತರಿಸು. ಅವರ ಮಾತು ಮುಗಿಯೋವರೆಗೂ ಪಿನ್ ಬೀಳ್ಬಾರ್ದು."

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಭ್ಯಾಸ ಶುರುವಾಯಿತು. ಕನ್ನಡಿಗೆ ಒರಗಿಸಿಟ್ಟ ಫೋನಿನಲ್ಲಿ ನಾನೂ ನೋಡುತ್ತಿದ್ದೆ. ಮೊದಮೊದಲು ಎರಡು ವಾಕ್ಯವಾದ ಮೇಲೆ ಕತ್ತರಿಯ ಸದ್ದಷ್ಟೇ ಕೇಳುತ್ತಿತ್ತು. ತಂಗಿಯ ಕೆನ್ನೆ ಊದುತ್ತಿತ್ತು, ಪಿನ್ನು ಅಲ್ಲಾಡುತ್ತಿತ್ತು, ಪುಣ್ಯಕ್ಕೆ ಬೀಳುತ್ತಿರಲಿಲ್ಲ. ಬರಬರುತ್ತಾ ಅವನ ನಾಲಿಗೆ ಸಡಿಲವಾಯಿತು.

ಒಂದು ದಿನ ನಾನೇ ಕೇಳಿದೆ: ನೀವು ಮತ್ತೆ ಮತ್ತೆ ಹೋಗುತ್ತಿದ್ದ ಜಾಗ ಯಾವುದು?

ಅವನು ಕನ್ನಡಿ ನೋಡುತ್ತಾ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: "ಈ ಸಲೂನ್. ಮದುವೆಗೆ ಮುಂಚೆ ವಾರವಾರ ಬರುತ್ತಿದ್ದೆ. ಕೂದಲು ಬೆಳೆದಿರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇವಳ ಮಾತು ಕೇಳುವುದಕ್ಕೆ ಬರುತ್ತಿದ್ದೆ."

ಪಿನ್ನುಗಳೆಲ್ಲ ನೆಲಕ್ಕೆ ಉದುರಿದವು.

"ನಿಮ್ಮ ಕೂದಲೇ ಬೇಗ ಬೆಳೆಯುತ್ತೆ ಅಂದ್ಕೊಂಡಿದ್ನಲ್ರೀ!" ಎಂದು ತಂಗಿ ಕೂಗಿದಳು. ನಾನು ನಕ್ಕ ನಗೆಗೆ ಜೊತೆಯವರು ಒಗೆತದ ಯಂತ್ರ ನಿಲ್ಲಿಸಿ ಬಂದು ನೋಡಿದರು.

ಎರಡನೇ ಸಲದ ಫಲಿತಾಂಶದ ದಿನ ಫೋನ್ ಮಾಡಿದವನು ಅವನು. ಅದುವರೆಗೆ ಅವನಾಗಿ ಮಾಡಿದ್ದೇ ಇಲ್ಲ.

"ಅಕ್ಕ, ಮಾತಿಗೆ ಏಳೂವರೆ! ಉಳಿದಿದ್ದನ್ನೂ ಒಂದೊಂದಾಗೇ ನೋಡ್ದೆ, ಯಾವ್ದೂ ಏಳಕ್ಕೆ ಕಮ್ಮಿ ಇಲ್ಲ. ಪರೀಕ್ಷೆ ಮಾಡೋರೇ ಸಾಕು ನಿಲ್ಸಿ ಅಂದ್ರು, ನಾನು ನಿಲ್ಸ್ಲೇ ಇಲ್ಲ..." ಹೇಳುತ್ತಲೇ ಹೋದ. ನನಗೆ ಬಾಯಿ ಹಾಕಲು ಸಂದಿಯೇ ಸಿಗಲಿಲ್ಲ.

"ಅವಳೆಲ್ಲಿ?" ಎಂದೆ ಕೊನೆಗೆ.

ಫೋನ್ ತಿರುಗಿಸಿದ. ತಂಗಿ ಸಲೂನಿನ ಕುರ್ಚಿಯಲ್ಲಿ ಕೂತಿದ್ದಳು. ಬಾಯಲ್ಲಿ ಪಿನ್ ಇರಲಿಲ್ಲ, ಆದರೂ ಮಾತಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಮುಖ ತುಂಬ ನಗು.

"ಅಕ್ಕ, ಅಲ್ಲಿ ಚಳಿ ಜಾಸ್ತಿ ಅಲ್ವಾ?" ಎಂದ ಅವನು, ನುಣ್ಣಗಾಗಿದ್ದ ತಲೆ ಸವರಿಕೊಳ್ಳುತ್ತಾ. "ಅಭ್ಯಾಸ ಮಾಡಿ ಮಾಡಿ ಒಂದು ಕೂದಲೂ ಉಳಿದಿಲ್ಲ. ನನಗೊಂದು ಟೋಪಿ ತೆಗೆದಿಟ್ಟಿರಿ."

ಆ ಸಂಜೆಯೇ ಹೋಗಿ ಉಣ್ಣೆಯ ಟೋಪಿ ಎರಡು ತಂದೆ.